ಮರಿ ಬಿಡುವ ಹೊತ್ತು

ನಮ್ಮ ಮನೆಯಲ್ಲಿ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ನಿಂತು ನೋಡುವ ಕೆಲಸ ಒಂದೇ. ಸಂಜೆ ಮರಿ ಬಿಡುವುದು.

ನಮ್ಮದು ಭಾಲ್ಕಿ ತಾಲ್ಲೂಕಿನ ಮೆಹಕರ. ಅಪ್ಪ ಮತ್ತು ಅಣ್ಣ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದ ಮೇಲೆ ಎಳೆಯ ಮರಿಗಳು ಮನೆಯ ಹಿಂದಿನ ದೊಡ್ಡಿಯಲ್ಲಿ, ಕಡ್ಡಿ ಹೆಣೆದು ಕಟ್ಟಿದ ತಟ್ಟಿಯ ಒಳಗೆ ಉಳಿಯುತ್ತವೆ. ಕುರಿಗಳು ತಿರುಗಿ ಬಂದಾಗ ಒಂದೊಂದೇ ಮರಿಯನ್ನು ಎತ್ತಿ ಅದರ ತಾಯಿಯ ಮುಂದೆ ಬಿಡಬೇಕು. ಬಿಟ್ಟರೆ ತಾವೇ ಹುಡುಕಿಕೊಳ್ಳುವುದಿಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಹುಡುಕಿಕೊಳ್ಳುತ್ತವೆ. ಆದರೆ ಗಟ್ಟಿ ಮರಿ ಎರಡು ಕಡೆ ಕುಡಿಯುತ್ತದೆ, ಬಡ ಮರಿ ತುಳಿಸಿಕೊಂಡು ಹಸಿದು ಮಲಗುತ್ತದೆ, ಚೊಚ್ಚಲ ಕುರಿ ತನ್ನದನ್ನೇ ಒದೆಯುತ್ತದೆ. ಅದಕ್ಕೇ ಮರಿಯ ಮುಖ ನೋಡಿದ ಕೂಡಲೇ ತಾಯಿ ಯಾವುದೆಂದು ಹೇಳಬಲ್ಲವರು ಒಬ್ಬರು ತಟ್ಟಿಯ ಬಾಯಲ್ಲಿ ನಿಲ್ಲಬೇಕು. ನಮ್ಮವು ಹೆಚ್ಚಾಗಿ ಕರಿ ಕುರಿಗಳು. ಹೊರಗಿನವರ ಕಣ್ಣಿಗೆ ಎಲ್ಲವೂ ಒಂದೇ.

ಒಂಬತ್ತು ವರ್ಷದವಳಿದ್ದಾಗಿನಿಂದ ಆ ಒಬ್ಬರು ನಾನೇ ಆಗಿದ್ದೆ; ಹಾಸ್ಟೆಲು ಸೇರಿದ ಮೇಲೂ ಊರಿಗೆ ಬಂದಾಗಲೆಲ್ಲ ನಾನೇ. ಮನೆಗೆ ಬಂದ ನೆಂಟರ ಮುಂದೆ ಅಪ್ಪ ನನ್ನನ್ನು ನಿಲ್ಲಿಸುತ್ತಿದ್ದ.

“ಇಕಿ ಕೈಯಾಗ ಒಂದ ಮರಿ ಕೊಡ್ರಿ. ಅವರವ್ವ ಯಾವಾಕಿ ಅಂತ ಅಲ್ಲ, ಅವರಜ್ಜಿ ಯಾವಾಕಿ ಅಂತ ಹೇಳ್ತಾಳ.”

ಆಮೇಲೆ ಎರಡು ವರ್ಷ ಆ ಜಾಗದಲ್ಲಿ ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ನಿಂತಳು. ನಾನಿಲ್ಲಿ ಬರೆಯುತ್ತಿರುವುದು ಆ ಎರಡು ವರ್ಷದ ಹೊಟ್ಟೆಕಿಚ್ಚನ್ನು.

ಡಿಗ್ರಿಯ ಎರಡನೇ ವರ್ಷ ಭಾಲ್ಕಿಯ ಹಾಸ್ಟೆಲಿನಲ್ಲಿದ್ದಾಗ ನನಗೆ ಯಾರೂ ಇಲ್ಲದ ಕಡೆಯಿಂದ ಮಾತುಗಳು ಕೇಳಿಸತೊಡಗಿದವು. ಗೋಡೆಯ ಆಚೆ ಇಬ್ಬರು ಗಂಡಸರು ನಿಂತು, ನಾನು ಏನು ಮಾಡುತ್ತಿದ್ದೇನೋ ಅದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಈಗ ಎದ್ದಳು. ಈಗ ನೀರು ಕುಡಿದಳು. ಈಗ ನಮ್ಮ ಬಗ್ಗೆ ಯೋಚಿಸುತ್ತಿದ್ದಾಳೆ. ಎಂಟನೇ ತರಗತಿಯಿಂದ ನಾನು ದಿನಚರಿ ಬರೆಯುವವಳು. ತಾರೀಖು, ಮಳೆ ಬಂತೋ ಇಲ್ಲವೋ, ದೊಡ್ಡಿಯಲ್ಲಿ ಎಷ್ಟು ಮರಿ, ಅಷ್ಟೇ. ಆ ತಿಂಗಳುಗಳ ಪುಟಗಳಲ್ಲಿ ಮಾತ್ರ ತಾರೀಖು ಇಲ್ಲ. ಕೊನೆಗೆ ಅಪ್ಪ ಬಂದು ನನ್ನನ್ನು ಊರಿಗೆ ಕರೆದುಕೊಂಡು ಹೋದ.

ಬೀದರಿನ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂದು ಹೆಸರು ಹೇಳಿ, ಮಾತು ನಿಲ್ಲಲಿಕ್ಕೆ ರಾತ್ರಿ ಊಟವಾದ ಮೇಲೆ ಒಂದು ದೊಡ್ಡ ಗುಳಿಗೆ ಬರೆದುಕೊಟ್ಟರು. ಅದನ್ನು ತೆಗೆದುಕೊಂಡು ಕೆಲವು ದಿನಕ್ಕೆ ನನ್ನ ಕೈಗಳು ನಡುಗತೊಡಗಿದವು, ಕುತ್ತಿಗೆ ಮರದಂತೆ ಬಿಗಿಯಿತು. ಅದಕ್ಕಾಗಿ ಇನ್ನೊಂದು ಸಣ್ಣ ಬಿಳಿ ಗುಳಿಗೆ, ಎರಡು ಹೊತ್ತು.

ಒಂದೆರಡು ತಿಂಗಳಲ್ಲಿ ಗೋಡೆಯ ಆಚೆಯ ಗಂಡಸರು ಸುಮ್ಮನಾದರು. ಅಪ್ಪ ಒಂದು ಚೀಲ ಹೆಸರುಬೇಳೆ ಹೊತ್ತುಕೊಂಡು ಹೋಗಿ ಡಾಕ್ಟರಿಗೆ ಕೈಮುಗಿದು ಬಂದ. ನನಗೂ ಸಂತೋಷವೇ. ಆದರೆ ಆ ಗಂಡಸರು ಹೋಗುವಾಗ ನನ್ನ ಸಾಮಾನನ್ನೂ ಸ್ವಲ್ಪ ಕಟ್ಟಿಕೊಂಡು ಹೋದಂತಿತ್ತು. ಪುಟ ಮಗುಚಿದರೆ ಹಿಂದಿನ ಪುಟದಲ್ಲಿ ಓದಿದ್ದು ಇಲ್ಲ. ಅಂಗಳದಲ್ಲಿ ಕೂತ ಅವ್ವ ಉಪ್ಪು ತಾ ಎಂದರೆ, ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಏನು ತರಲು ಬಂದೆನೆಂದು ಜಂತಿ ನೋಡುತ್ತಿದ್ದೆ. ಸದಾ ಬಾಯಿ ಒಣಗಿರುತ್ತಿತ್ತು. ಮಾತು ನಾಲಿಗೆಗೆ ಅಂಟಿಕೊಂಡೇ ಹೊರಗೆ ಬರುತ್ತಿತ್ತು.

ಜೋಳ ತೆನೆಗಟ್ಟಿದ ಹೊತ್ತಿನಲ್ಲಿ ಒಂದು ಸಂಜೆ ನಾನು ಮೋಟಗಿವಿಯ ಮರಿಯನ್ನು ಎತ್ತಿ ಹಂಡಿಗೆ ಬಿಟ್ಟೆ. ಮೋಟಗಿವಿ ಎಂದರೆ ಗಿಡ್ಡ ಕಿವಿಯ ಕುರಿ, ಹಂಡಿ ಎಂದರೆ ಮೈಮೇಲೆ ಬಿಳಿ ಪಟ್ಟೆ ಇರುವುದು. ಹಂಡಿ ಸಾಧು, ಯಾರ ಮರಿಯಾದರೂ ಕುಡಿಯಗೊಡುತ್ತದೆ. ಅದು ಕುಡಿದು ಬಂದ ಮೇಲೆ ಅದೇ ಮರಿಯನ್ನು ಮತ್ತೆ ಎತ್ತಿ ಮೋಟಗಿವಿಗೂ ಬಿಟ್ಟೆ. ಹಂಡಿಯ ಮರಿ ತಟ್ಟಿಯ ಮೂಲೆಯಲ್ಲೇ ಉಳಿಯಿತು. ಬೆಳಿಗ್ಗೆ ನೋಡಿದರೆ ಏಳಲಾರದೆ ಬಿದ್ದಿತ್ತು. ವೈನಿ ಅದನ್ನು ಒಲೆಯ ಹತ್ತಿರ ಮಲಗಿಸಿ, ಬಟ್ಟೆಯ ಬತ್ತಿಯಿಂದ ಹಾಲು ಹನಿಸಿ ಉಳಿಸಿಕೊಂಡಳು.

ಅಪ್ಪ ಬೈಯಲಿಲ್ಲ.

“ಇರಲಿ ಬಿಡವಾ. ಜರಾ ದಿನ ನಿಮ್ಮ ವೈನಿ ನೋಡ್ತಾಳ. ನೀ ಆರಾಮ ಕೂಡು.”

ಆರಾಮ ಕೂಡು ಎಂದು ನಮ್ಮ ಮನೆಯಲ್ಲಿ ಅದುವರೆಗೆ ಹೇಳಿಸಿಕೊಂಡವಳು, ಹಲ್ಲಿಲ್ಲದೆ ತೀರಿಕೊಂಡ ಅಜ್ಜಿ ಒಬ್ಬಳೇ.

ವೈನಿ ಮದುವೆಯಾಗಿ ಬಂದು ಆಗ ನಾಲ್ಕು ತಿಂಗಳು. ಔರಾದ ಕಡೆಯವಳು. ಅವಳ ತವರಿನಲ್ಲೂ ಕುರಿಗಳಿವೆ. ಪಿಯುಸಿ, ಸೆಕೆಂಡ್ ಕ್ಲಾಸ್; ಅದನ್ನು ಅವಳು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಾಳೆ. ಮಾತು ಜೋರು, ನಡುನಡುವೆ ಮರಾಠಿ. ಹದಿನೈದು ದಿನದಲ್ಲಿ ಅವಳು ನಮ್ಮ ದೊಡ್ಡಿಯ ಅಷ್ಟೂ ಮುಖಗಳನ್ನು ಕಲಿತುಬಿಟ್ಟಳು. ಒಂದು ಕೈಯಲ್ಲಿ ಮರಿ ಎತ್ತುತ್ತಾ, ಇನ್ನೊಂದು ಕೈಯಲ್ಲಿ ಸೆರಗು ಸಿಕ್ಕಿಸಿಕೊಳ್ಳುತ್ತಾ, ಅವ್ವನ ಜೊತೆ ಹರಟುತ್ತಲೇ ಬಿಡುತ್ತಿದ್ದಳು. ತಟ್ಟಿಯ ಕಡೆ ನೋಡುತ್ತಲೂ ಇರಲಿಲ್ಲ.

“ನಿಮಗ ಹ್ಯಾಂಗ ಇಷ್ಟ ಲಗೂನ ನೆಪ್ಪ ಆತ್ರಿ ವೈನಿ?” ಎಂದು ಒಮ್ಮೆ ಕೇಳಿದೆ. ಕೇಳಬಾರದಿತ್ತು.

“ಅಗ ಬಾಯಿ! ಇದರಾಗ ಏನದ ತಂಗೆವ್ವ? ನಿಮ್ಮಣ್ಣನ ಮಾರಿ ನೆಪ್ಪ ಇಟ್ಕೊಂಡೀನಲ್ಲ. ಅದರಕಿಂತ ಇವು ಚಂದ ಅವ.”

ಅವ್ವ ನಕ್ಕಳು. ಅಣ್ಣನೂ ನಕ್ಕ. ನನ್ನ ಒಣ ಬಾಯಿ ನಗಲು ತೆರೆಯಲಿಲ್ಲ.

ಅಂದಿನಿಂದ ದಿನಚರಿಯಲ್ಲಿ ಹೊಸ ಲೆಕ್ಕ ಶುರುವಾಯಿತು. ವೈನಿ ತಡವರಿಸದೆ ಬಿಟ್ಟ ಮರಿಗೆ ಒಂದು ಗೀಟು, ತಡವರಿಸಿದರೆ ಸೊನ್ನೆ. ಸೊನ್ನೆ ಬರಲಿ ಎಂದು ದೊಡ್ಡಿಯ ಬಾಗಿಲಿನ ಚಪ್ಪಡಿ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದೆ. ಇಡೀ ಚಳಿಗಾಲಕ್ಕೆ ನನಗೆ ಸಿಕ್ಕಿದ್ದು ಎರಡು ಸೊನ್ನೆ. ಅದರಲ್ಲಿ ಒಂದರ ದಿನ ಅವಳ ಕಣ್ಣಿಗೆ ಕಸ ಬಿದ್ದಿತ್ತು.

ಮರಿಗಳಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಗ್ಯಾಸ್ ಬುಕ್ ಮಾಡುವ ನಂಬರು ಅವಳಿಗೆ ಬಾಯಿಪಾಠ. ಯಾರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂಬುದು ಬಾಯಿಪಾಠ. ನನ್ನ ಗುಳಿಗೆಯ ಹೊತ್ತನ್ನೂ ನನಗಿಂತ ಮೊದಲು ಅವಳೇ ನೆನಪಿಸುತ್ತಿದ್ದಳು. ಗುಳಿಗೆಗಳಿಂದ ನಾನು ದಪ್ಪಗಾಗಿದ್ದೆ. ಕಾಲೇಜಿಗೆ ಹೊಲಿಸಿದ್ದ ಚೂಡಿದಾರಗಳು ಭುಜಕ್ಕೆ ಏರುತ್ತಿರಲಿಲ್ಲ. ಅವ್ವ ಅವನ್ನು ವೈನಿಗೆ ಕೊಟ್ಟಳು. ನನ್ನ ನೀಲಿ ಚೂಡಿದಾರ ತೊಟ್ಟು, ನನ್ನ ಜಾಗದಲ್ಲಿ ನಿಂತು, ನಾನು ಕಂಡಿದ್ದ ಹಾಗೆಯೇ ಅವಳು ಮರಿಗಳನ್ನು ಕಾಣುತ್ತಿದ್ದಳು. ಹಿಂದಿನಿಂದ ನೋಡಿದರೆ ಅದು ನಾನೇ. ಕಲ್ಲಿನ ಮೇಲೆ ಕೂತಿದ್ದವಳು ಯಾರು ಎಂದು ನನಗೆ ಗೊತ್ತಾಗುತ್ತಿರಲಿಲ್ಲ.

“ದಿನಾ ನನ್ನ ನೋಡಿ ಏನ ಬರೀತಿ?” ಎಂದು ಅವಳು ಕೇಳಿದಳು.

“ಏನಿಲ್ರಿ.”

“ಹಂಗ ನೋಡಬ್ಯಾಡವಾ, ದೃಷ್ಟಿ ಆಗ್ತದ. ಆಮ್ಯಾಲ ಮೆಣಸಿನಕಾಯಿ ಇಳಿಸಿ ಒಲಿಯಾಗ ಹಾಕಾಕಿ ನೀನೇ.”

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ, ಮರಿ ಬಿಟ್ಟಾದ ಮೇಲೆ, ನಾನು ಅಪ್ಪನಿಗೆ ಹೇಳಿಯೇಬಿಟ್ಟೆ.

“ಅಪ್ಪ, ಗುಳಿಗಿ ಬಿಡ್ತೇನಿ. ಇವು ನನ್ನ ತಲಿಯಾಗ ಹತ್ತಿ ತುಂಬ್ಯಾವ. ನನಗ ನನ್ನ ಕೆಲಸ ತಿರಗಿ ಬೇಕು.”

ಅಪ್ಪ ಬೀಡಿ ಆರಿಸಿ ಯೋಚನೆಗೆ ಕೂತ. ಅವನ ಲೆಕ್ಕವೆಲ್ಲ ಕುರಿಗಳದು. ಜಂತು ಆದಾಗ ಕುರಿಗೆ ಔಷಧ ಕುಡಿಸಬೇಕು. ಜಂತು ಬಿದ್ದ ಮೇಲೂ ಕುಡಿಸುತ್ತ ಹೋದರೆ ಕುರಿ ಸೊರಗುತ್ತದೆ.

“ಖರೆ ಅದ,” ಎಂದ. “ಮಾತು ನಿಂತು ವರ್ಷ ಆತು. ರೋಗ ಇಲ್ಲ ಅಂದ ಮ್ಯಾಲೆ ಔಷಧ ಯಾಕ? ದಸರಾಕ್ಕ ಎಲ್ಲಾ ಬಿಟ್ಟುಬಿಡೋಣು.”

ಅವ್ವನ ಕೈ ರೊಟ್ಟಿಯ ಮೇಲೆಯೇ ನಿಂತಿತು. ಬಾಯಿ ತೆರೆದವಳು ವೈನಿ.

“ಬಿಡಸ್ರಿ ಮಾವಾರ, ದಸರಾಕ್ಕ ಬಿಡಸ್ರಿ. ದೀಪಾವಳಿಗಿ ಆ ಗ್ವಾಡಿ ಹಿಂದಿನ ಗಂಡಸರು ತಿರಗಿ ಬಂದ್ರ, ಅವರಿಗಿ ರೊಟ್ಟಿ ಬಡಿಯಾಕಿ ನಾನಲ್ಲ. ಈಗೇ ಹೇಳಿಬಿಡ್ತೇನಿ.”

ಎಲ್ಲರಿಗೂ ನಗು ಬಂತು. ನನಗೂ ಬಂತು. ನನ್ನ ಕಾಯಿಲೆಯ ಮೇಲೆ ನಾನೇ ಮಾಡಬೇಕಾಗಿದ್ದ ತಮಾಷೆಯನ್ನೂ ಅವಳೇ ಮಾಡಿದ್ದಳು. ಅದನ್ನೂ ಬರೆದಿಟ್ಟುಕೊಂಡೆ.

“ಮೊದಲ ಡಾಕ್ಟರ್ ಬಾಯಾರಿಗಿ ಕೇಳ್ರಿ,” ಎಂದಳು. “ನಾನೂ ಬರ್ತೇನಿ.”

ನಾನು, ಅಪ್ಪ, ವೈನಿ ಹಿಂದಿನ ದಿನವೇ ಬೀದರಿಗೆ ಹೋಗಿ, ಚಿದ್ರಿಯಲ್ಲಿರುವ ಸೋದರತ್ತೆಯ ಮನೆಯಲ್ಲಿ ಉಳಿದು, ಬೆಳಿಗ್ಗೆ ದವಾಖಾನೆಯ ಬೆಂಚಿನ ಮೇಲೆ ಕೂತೆವು. ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗಿ, ಬುರ್ಖಾ ತೊಟ್ಟ ತಾಯಿಯ ಜೊತೆ ಕೂತಿದ್ದಳು. ಅವಳು ನನ್ನನ್ನು ನೋಡಿ ನಕ್ಕಳು.

“ಹ್ವಾದ ಸಲ ನೀವು ಹಸಿರು ಓಢಣಿ ಹಾಕ್ಕೊಂಡಿದ್ರಿ. ಹಲ್ಲ ಬ್ಯಾನಿ ಅಂತ ಗಲ್ಲ ಹಿಡ್ಕೊಂಡು ಕೂತಿದ್ರಿ. ಕಮ್ಮಿ ಆಯ್ತಾ?”

ಹಲ್ಲುನೋವು ಇದ್ದದ್ದು ನಿಜ, ದಿನಚರಿಯಲ್ಲಿದೆ. ಈ ಹುಡುಗಿ ಮಾತ್ರ ನನ್ನಲ್ಲಿ ಎಲ್ಲೂ ಇರಲಿಲ್ಲ. ನನ್ನ ಮಟ್ಟಿಗೆ ನಾನು ಅವಳನ್ನು ಮೊದಲ ಸಲ ನೋಡುತ್ತಿದ್ದೆ. ಅವಳಿಗೆ ನನ್ನ ಓಢಣಿಯ ಬಣ್ಣ ಗೊತ್ತಿತ್ತು. ಮಾತು ಮುಂದುವರಿದಾಗ ತಿಳಿದದ್ದು ಇನ್ನೂ ಕೆಟ್ಟದ್ದು. ಅವಳದೂ ನನ್ನದೇ ಕಾಯಿಲೆ, ಇದೇ ಡಾಕ್ಟರು. ಮನೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಉರ್ದು ಮತ್ತು ಗಣಿತ. ವೈನಿಯ ಮೇಲಿನ ಕಿಚ್ಚಿಗೆ ನಾನೊಂದು ಸಮಾಧಾನ ಇಟ್ಟುಕೊಂಡಿದ್ದೆ: ಅವಳಿಗೆ ಕಾಯಿಲೆ ಇಲ್ಲ, ಗುಳಿಗೆ ಇಲ್ಲ. ಈ ಹುಡುಗಿಯ ಮುಂದೆ ಅದೂ ಉಳಿಯಲಿಲ್ಲ.

“ನಿಮಗ ಇಷ್ಟ ನೆಪ್ಪ ಹ್ಯಾಂಗ ಇರ್ತದ?” ಎಂದು ಕೇಳಿದೆ. ಬೈದಂತೆ ಕೇಳಿಸಿರಬೇಕು.

“ಪೈಲೆ ಇರ್ತಿರಲಿಲ್ಲ,” ಎಂದಳು. “ಮಕ್ಕಳ ಹೆಸರೇ ಮರೀತಿದ್ದೆ. ಬಾಯಿ ಒಣ ರೊಟ್ಟಿ ಆಗಿತ್ತು. ಆಮೇಲೆ ಡಾಕ್ಟರ್ ಬಾಯಿ ಆ ಛೋಟಿ ಗೋಲಿ ಆಹಿಸ್ತೆ ಆಹಿಸ್ತೆ ಕಮ್ಮಿ ಮಾಡಿದ್ರು.” ನಡುಕಕ್ಕೆ ಕೊಡುವ ಆ ಸಣ್ಣ ಗುಳಿಗೆಯನ್ನು, ನಿಧಾನವಾಗಿ.

ಅವಳ ತಾಯಿ ಕಣ್ಣು ದೊಡ್ಡದು ಮಾಡಿ ನನ್ನ ಕಡೆ ಬೆರಳು ಅಲ್ಲಾಡಿಸಿದಳು. “ಬಡಿ ಗೋಲಿ ನಕ್ಕೊ ಛೋಡೊ ಬೇಟಾ.” ದೊಡ್ಡದನ್ನು ಮಾತ್ರ ಬಿಡಬೇಡ.

ಒಳಗೆ ಹೋದಾಗ ನಾನು ಅಪ್ಪನಿಗೆ ಬಿಡದೆ ನಾನೇ ಮಾತು ತೆಗೆದೆ. ನನಗೆ ಮರೆವು ಹೆಚ್ಚಾಗಿದೆ, ಸಣ್ಣ ಗುಳಿಗೆಯಿಂದ ಇರಬಹುದೇ? ಡಾಕ್ಟರು ಕನ್ನಡಕ ತೆಗೆದಿಟ್ಟರು. ಆಮೇಲೆ ಮೂರು ಶಬ್ದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು. ವಾರದ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದರು. ನಿದ್ದೆ, ಊಟ ಎಲ್ಲ ಕೇಳಿದರು.

“ಈಗ ಆ ಮೂರು ಶಬ್ದ ಹೇಳು.”

“ಕೀಲಿ.”

“ಮತ್ತ?”

ಮತ್ತೇನೂ ಇರಲಿಲ್ಲ. ಕೊಟ್ಟಿಗೆಯ ಬಾಗಿಲು ತೆರೆದರೆ ಒಳಗೆ ದನವಿಲ್ಲದ ಹಾಗೆ. ಹಿಂದೆ ಕೂತಿದ್ದ ವೈನಿಯ ಕಡೆ ಕಣ್ಣು ಹೋಯಿತು. ಅವಳ ತುಟಿ ದೊಡ್ಡದಾಗಿ ಆಡುತ್ತಿತ್ತು. ಡಾಕ್ಟರೂ ನೋಡಿದರು.

“ಏನವಾ, ಪರೀಕ್ಷಾದಾಗ ಹೇಳಿಕೊಡ್ಲತ್ತಿ ಏನು?”

“ಇಲ್ರಿ ಬಾಯಾರ, ಆಕಳಿಕಿ ಬಂತ್ರಿ.”

ಡಾಕ್ಟರು ನಕ್ಕು, ನಮ್ಮ ಮೂವರ ಕಡೆಯೂ ತಿರುಗಿ ವಿವರವಾಗಿ ಹೇಳಿದರು. ಮರೆವೆಲ್ಲ ಗುಳಿಗೆಯದಲ್ಲ. ಈ ಕಾಯಿಲೆ ತಾನೇ ಗಮನವನ್ನೂ ನೆನಪನ್ನೂ ಕುಂದಿಸುತ್ತದೆ, ಎಷ್ಟೋ ಜನರಲ್ಲಿ ಮಾತು ಕೇಳಿಸುವುದಕ್ಕೂ ಮೊದಲೇ. ದೊಡ್ಡ ಗುಳಿಗೆ ಮಾತನ್ನು ತಡೆಯುವುದರಿಂದ ತಲೆಗೆ ಸ್ವಲ್ಪ ಬಿಡುವು ಸಿಗುತ್ತದೆ. ಆದರೆ ಪ್ರಮಾಣ ಹೆಚ್ಚಾದರೆ ಅದೂ ಮಂಕು ಮಾಡುತ್ತದೆ. ನಡುಕಕ್ಕೆ ಕೊಡುವ ಸಣ್ಣ ಗುಳಿಗೆ ಬಾಯಿ ಒಣಗಿಸುತ್ತದೆ, ಹೊಸದನ್ನು ನೆನಪಿಡುವುದಕ್ಕೆ ಅಡ್ಡ ಬರುತ್ತದೆ. ಎಲ್ಲರಿಗೂ ಅದು ಕೊನೆಯವರೆಗೆ ಬೇಕಾಗುವುದಿಲ್ಲ. ನಿಧಾನವಾಗಿ ಇಳಿಸಿ ನೋಡಬಹುದು.

ಕೇಳುತ್ತಿದ್ದಂತೆ ನನಗೆ ಒಂದು ನೆನಪಾಯಿತು. ಮಾತು ಕೇಳಿಸುವ ಮೊದಲೇ, ಆ ವರ್ಷದ ಶುರುವಿನಲ್ಲೇ, ನನ್ನ ಅಂಕಗಳು ಇಳಿದಿದ್ದವು. ಆಗ ಒಂದು ಗುಳಿಗೆಯೂ ನನ್ನ ಹೊಟ್ಟೆಗೆ ಹೋಗಿರಲಿಲ್ಲ. ಹಾಗಾದರೆ ಎಷ್ಟು ತಿರುಗಿ ಬರುತ್ತದೆ ಎಂದು ಕೇಳಿದೆ.

“ಅಷ್ಟೂ ಬರ್ತದಂತ ನಾ ಮಾತು ಕೊಡೂದಿಲ್ಲ,” ಎಂದರು. “ಸ್ವಲ್ಪ ಬರ್ತದ. ಉಳದದ್ದಕ್ಕ ನೀನೇ ದಾರಿ ಹುಡುಕೋಬೇಕು.”

ಅಪ್ಪ ಗಂಟಲು ಸರಿಮಾಡಿಕೊಂಡ. “ಇಕಿ ತೂಕ ನೋಡಿ ಕೊಟ್ಟೀರೇನ್ರಿ ಬಾಯಾರ? ಕುರಿಗಿ ನಾವು ತೂಕ ನೋಡೇ ಕುಡಸ್ತೇವಿ. ಮತ್ತ, ದಸರಾಕ್ಕ ಎಲ್ಲಾ ಬಿಡಬೇಕಂತ…”

“ಇದು ಜಂತಿನ ಔಷಧ ಅಲ್ರಿ ಅಪ್ಪಾರ, ದೊಡ್ಡಿ ಬೇಲಿ ಇದ್ದಂಗ. ವರ್ಷದಿಂದ ತ್ವಾಳ ಬಂದಿಲ್ಲ ಅಂತ ಬೇಲಿ ಕಿತ್ತು ಒಲಿಗಿ ಹಾಕ್ತೀರೇನು?”

ಅಪ್ಪ ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡ. ಹೊರಗೆ ಬಂದ ಮೇಲೆ, “ಬಾಯಿಗಿ ಕುರಿ ಗೊತ್ತವ,” ಎಂದ. ಅದು ಅವನಲ್ಲಿ ದೊಡ್ಡ ಮಾತು. ದಸರೆಯ ಸುದ್ದಿ ಮತ್ತೆ ಬರಲಿಲ್ಲ.

ಬಸ್ಸಿನಲ್ಲಿ ವೈನಿ ಕಿಟಕಿಯ ಪಕ್ಕ ಕೂತು ತನ್ನಷ್ಟಕ್ಕೆ ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದಳು. “ಕೀಲಿ, ಹುಣಸಿಹಣ್ಣು, ಛತ್ರಿ. ಕೀಲಿ, ಹುಣಸಿಹಣ್ಣು, ಛತ್ರಿ.” ಭಾಲ್ಕಿ ಬರುವವರೆಗೂ ನಿಲ್ಲಿಸಲಿಲ್ಲ. ಅವಳನ್ನು ಕಿಟಕಿಯಿಂದ ತಳ್ಳುವಷ್ಟು ಸಿಟ್ಟು ಬಂದಿತ್ತು. ಆದರೆ ಆ ಮೂರು ಶಬ್ದ ಇವತ್ತಿಗೂ ನನಗೆ ನೆನಪಿವೆ.

ಸಣ್ಣ ಗುಳಿಗೆ ಡಾಕ್ಟರು ಹೇಳಿದಂತೆ ಮೊದಲು ಅರ್ಧವಾಯಿತು, ಆಮೇಲೆ ಒಂದು ಹೊತ್ತಿನದು ನಿಂತಿತು, ಕೊನೆಗೆ ಪೂರ್ತಿ. ನಡುವೆ ಎರಡು ಸಲ ಬೀದರಿಗೆ ಹೋಗಿ ತೋರಿಸಿಬಂದೆ. ಮೊದಲು ಬಾಯಿ ಒದ್ದೆಯಾಯಿತು. ಉಪ್ಪಿನಕಾಯಿ ಎಂದರೆ ನೀರೂರಿತು. ಉಪ್ಪು ತರಲು ಹೋದರೆ ಉಪ್ಪಿನೊಡನೆ ಬರತೊಡಗಿದೆ. ಎಡಗೈಯ ಹೆಬ್ಬೆರಳಲ್ಲಿ ಮಾತ್ರ ಸಣ್ಣ ನಡುಕ ತಿರುಗಿ ಬಂದು ಉಳಿದುಕೊಂಡಿತು. ಅಷ್ಟನ್ನು ಇಟ್ಟುಕೊಳ್ಳುತ್ತೀಯಾ ಎಂದು ಡಾಕ್ಟರು ಕೇಳಿದರು, ಇಟ್ಟುಕೊಳ್ಳುತ್ತೇನೆ ಎಂದೆ.

ದಿನಚರಿಯ ಲೆಕ್ಕವನ್ನೂ ಬದಲಿಸಿದೆ. ಕಲ್ಲಿನ ಮೇಲೆ ಕೂತು, ವೈನಿ ಮರಿ ಎತ್ತಿದ ಕೂಡಲೇ ಅವಳಿಗಿಂತ ಮೊದಲು ತಾಯಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಶುರುವಿಗೆ ಹದಿನಾಲ್ಕರಲ್ಲಿ ಐದು ಸರಿಯಾದವು. ಒಂದು ತಿಂಗಳಿಗೆ ಎಂಟು. ಆಮೇಲೆ ಎಂಟೇ. ಇನ್ನೊಂದು ತಿಂಗಳು ಕಳೆದರೂ ಎಂಟೇ. ಅಷ್ಟರಲ್ಲಿ ವೈನಿ ಬಸುರಿಯಾಗಿದ್ದಳು. ಹೊಟ್ಟೆ ಹೊತ್ತುಕೊಂಡೂ ಅವಳು ಒಂದು ಸೊನ್ನೆ ಕೊಡಲಿಲ್ಲ.

ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಚೊಚ್ಚಲ ಹೆರಿಗೆಗೆ ಅವಳನ್ನು ಔರಾದಿಗೆ ಕಳಿಸಿಕೊಟ್ಟರು. ಅವಳ ತವರಿನವರ ಜೀಪು ಓಣಿ ದಾಟಿದ ಸಂಜೆ ಅಪ್ಪ ದೊಡ್ಡಿಯಲ್ಲಿ ಸುತ್ತ ನೋಡಿ ನನ್ನನ್ನು ಕರೆದ.

“ನಿಂದರವಾ ಇನ್ನ. ಮತ್ತ್ಯಾರ ಅದಾರ?”

ಎರಡು ವರ್ಷ ಬಯಸಿದ್ದ ಜಾಗ. ಸಿಕ್ಕಿದ್ದು ಹೀಗೆ, ಬೇರೆ ಯಾರೂ ಇಲ್ಲವೆಂದು. ಹಬ್ಬದ ಮರುದಿನ ತಣ್ಣಗಾದ ಹೋಳಿಗೆ ತಟ್ಟೆಗೆ ಬಿದ್ದ ಹಾಗೆ.

ಅದೂ ಪೂರ್ತಿ ನನ್ನದಾಗಲಿಲ್ಲ. ಸಂಜೆ ಕುರಿಗಳು ಒಳಗೆ ಬಂದವೋ ಇಲ್ಲವೋ, ಔರಾದಿನಿಂದ ವೈನಿಯ ವಿಡಿಯೋ ಕಾಲ್. ಅವ್ವ ಫೋನು ಹಿಡಿದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು.

“ಅತ್ತಿ, ಫೋನ್ ಜರಾ ಬಲಕ್ಕ. ತಂಗೆವ್ವ, ಅದು ಮೋಟಗಿವಿ ಮರಿ ಅಲ್ಲಾ? ಹಂಡಿ ಕಡಿ ಯಾಕ ಹೊಂಟಿ?”

“ಹೊಂಟಿಲ್ರಿ. ಹಿಡ್ಕೊಂಡು ನಿಂತೀನಿ.”

“ಮತ್ತ ಕೈ ಯಾಕ ನಡಗಲತ್ತದ?”

“ಕೈ ನಡಗಲತ್ತದ, ತಲಿ ಅಲ್ಲ. ಫೋನ್ ಇಡ್ರಿ.”

ಅವ್ವನಿಗೆ ನಗು ತಡೆಯಲಾಗದೆ ಫೋನು ಅಲ್ಲಾಡಿ, ವೈನಿಗೆ ನಮ್ಮ ದೊಡ್ಡಿಯ ಬದಲು ಆಕಾಶ ಕಂಡಿತು. ನಮ್ಮಲ್ಲಿ ನೆಟ್‌ವರ್ಕ್ ಒಮ್ಮೊಮ್ಮೆ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತದೆ. ಅಂಥ ಸಂಜೆಗಳ ಮುಂದೆ ದಿನಚರಿಯಲ್ಲಿ “ಒಳ್ಳೆಯ ದಿನ” ಎಂದು ಬರೆದಿದ್ದೇನೆ.

ಆಮೇಲೆ ಹೊಸ ಮರಿಗಳು ಹುಟ್ಟತೊಡಗಿದವು. ಇವು ವೈನಿ ನೋಡದ ಮರಿಗಳು. ಕಲಿಯುವುದಿದ್ದರೆ ಇವನ್ನೇ ಕಲಿಯಬೇಕು ಎಂದು ಹಟ ಹಿಡಿದೆ. ಮೊದಲೆಲ್ಲ ಮುಖಗಳು ತಾವಾಗಿ ಬಂದು ನನ್ನಲ್ಲಿ ಕೂರುತ್ತಿದ್ದವು. ಈಗ ಕಣ್ಣನ್ನು ನಂಬಿದರೆ ಎಂಟಕ್ಕಿಂತ ಮುಂದೆ ಹೋಗುವುದಿಲ್ಲ ಎಂದು ಲೆಕ್ಕ ಹೇಳುತ್ತಿತ್ತು. ಅದಕ್ಕೆ ಕೈಯಿಂದ ಕಲಿತೆ. ಮರಿ ಹುಟ್ಟಿ, ಮೈ ಒದ್ದೆ ಇರುವಾಗಲೇ ಮಡಿಲಲ್ಲಿ ಹಾಕಿಕೊಂಡು, ಹೆಬ್ಬೆರಳಿನಿಂದ ಅದರ ಹಣೆ ಸವರುತ್ತಿದ್ದೆ. ಎತ್ತುಗಳನ್ನು ಸುಳಿ, ಅಂದರೆ ಕೂದಲು ಸುತ್ತಿಕೊಂಡ ಗುರುತು, ನೋಡಿ ಕೊಳ್ಳುತ್ತಾರೆ. ಕುರಿಯ ಹಣೆಯಲ್ಲೂ ಸುಳಿ ಇರುತ್ತದೆ, ಯಾರೂ ನೋಡುವುದಿಲ್ಲ ಅಷ್ಟೇ. ಒಂದರದು ಕಣ್ಣಿಗೆ ಹತ್ತಿರ, ಒಂದರದು ಎಡಕ್ಕೆ ತಿರುಗಿದ್ದು, ಒಂದರದು ಇಲ್ಲವೇ ಇಲ್ಲ. ದಿನಕ್ಕೊಂದೇ ಮರಿ. ಸುಳಿ ಮುಟ್ಟುತ್ತ ತಾಯಿಯ ಹೆಸರು ಗಟ್ಟಿಯಾಗಿ ಹೇಳುವುದು, ಮರುದಿನ ಕಣ್ಣು ಮುಚ್ಚಿ ಮತ್ತೆ ಮುಟ್ಟುವುದು. ನಡುಗುವ ಹೆಬ್ಬೆರಳು ಇದಕ್ಕೆ ಅಡ್ಡಿಯಾಗಲಿಲ್ಲ. ಮರಿಗಳಿಗೆ ಅದು ಹಿತವಾಗಿತ್ತೆಂದು ತೋರುತ್ತದೆ, ಕತ್ತು ಚಾಚುತ್ತಿದ್ದವು.

“ದೇವರ ಮಾಡಿದಂಗ ಮಾಡ್ಲತ್ತಾಳ,” ಎಂದು ಅಣ್ಣ ಅಣಕಿಸಿದ. “ಆಶೀರ್ವಾದ ನಮಗೂ ಕೊಡವಾ.”

ವೈನಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ನಾವೆಲ್ಲ ಔರಾದಿಗೆ ಹೋದೆವು. ಪಂಕ್ತಿಯಲ್ಲಿ ಕೂತಾಗ ವೈನಿಯ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ, “ನಮ್ಮ ಹುಡುಗಿ ಹ್ವಾದ ಮ್ಯಾಲೇ ಮೆಹಕರದಾಗ ಮರಿ ಬದುಕ್ಲತ್ತಾವ ನೋಡ್ರಿ,” ಎಂದಳು. ಹುಗ್ಗಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಒಳಕೋಣೆಗೆ ಹೋಗಿ ನೋಡಿದರೆ ವೈನಿ ಗೋಡೆಗೆ ಒರಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತೂಕಡಿಸುತ್ತಿದ್ದಳು. ಕಣ್ಣ ಕೆಳಗೆ ಕಪ್ಪು.

“ನಿದ್ದಿ ಇಲ್ಲ ತಂಗೆವ್ವ. ತಲಿಯಾಗ ಏನೂ ನಿಂದರಲ್ಲಾಗ್ಯಾದ. ನಿನ್ನಿ ಹಾಲ ಒಲಿ ಮ್ಯಾಲೆ ಇಟ್ಟು ಹಂಗೇ ಬಂದೀನಿ, ಪಾತೇಲಿ ಕರ್ರಗ ಆತು.”

ನನಗೆ ಒಳಗೊಳಗೇ ಖುಷಿಯಾಯಿತು. ಅವಳು ಕಣ್ಣುಜ್ಜಿಕೊಂಡು ಕೇಳಿದಳು.

“ಹಂಡಿ ಈ ಸಲ ಏನ ಈದಾಳ?”

“ಎರಡು.”

“ಎರಡೂ ಕರಿಯವೇನು?”

“ಬಂದು ನೋಡ್ರಿ,” ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮೂರನೇ ತಿಂಗಳಿಗೆ ಮಗುವಿನ ಜೊತೆ ಅವಳು ತಿರುಗಿ ಬಂದಳು. ಬಂದ ಸಂಜೆಯೇ, ಕುರಿಗಳ ಸದ್ದು ಕೇಳಿದ್ದೇ ತಡ, ಮಗುವನ್ನು ಅವ್ವನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ ತಟ್ಟಿಯ ಬಾಯಲ್ಲಿ ನಿಂತುಬಿಟ್ಟಳು. ಯಾರೂ ಅವಳನ್ನು ಕರೆದಿರಲಿಲ್ಲ. ಯಾರೂ ಬೇಡವೆನ್ನಲೂ ಇಲ್ಲ. ನಾನು ಎರಡು ಹೆಜ್ಜೆ ಹಿಂದೆ ನಿಂತೆ. ಕಾಲುಗಳು ತಾವಾಗಿ ಕಲ್ಲಿನ ಕಡೆ ತಿರುಗುತ್ತಿದ್ದವು, ತಡೆದು ನಿಲ್ಲಿಸಿಕೊಂಡೆ.

ಅವಳು ಮೊದಲ ಮರಿ ಎತ್ತಿದಳು. ಮುಖ ನೋಡಿದಳು. ತಿರುಗಿಸಿ ಮತ್ತೆ ನೋಡಿದಳು. ಅವಳು ಬಿಟ್ಟುಹೋದ ಮರಿಗಳು ಬೆಳೆದು ಹಿಂಡಿನೊಡನೆ ಮೇಯಲು ಹೋಗುತ್ತಿದ್ದವು, ತಟ್ಟಿಯೊಳಗಿದ್ದವೆಲ್ಲ ಹೊಸವು.

“ಇದು… ಮೋಟಗಿವಿದು?”

“ಅಲ್ರಿ.”

“ಕರಿಮಾರಿದು ಇರಬೇಕು.”

“ಕರಿಮಾರಿ ಈ ಸಲ ಈದೇ ಇಲ್ಲ.”

ಅಪ್ಪ ಬೀಡಿ ಹಚ್ಚುವುದನ್ನು ಮರೆತು ಕಡ್ಡಿ ಹಿಡಿದು ನಿಂತಿದ್ದ. ವೈನಿ ಮರಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಹಣೆ ಸವರಿದೆ. ಸುಳಿ ಎಡಕ್ಕೆ. ಹಂಡಿಯ ಎರಡರಲ್ಲಿ ಹಿಂದಿನಿಂದ ಹುಟ್ಟಿದ್ದು. ಬಿಟ್ಟೆ. ಅದು ಓಡಿಹೋಗಿ ಹಂಡಿಯ ಕೆಳಗೆ ನುಗ್ಗಿತು, ಹಂಡಿ ಅದರ ಬಾಲ ಮೂಸಿ ಸುಮ್ಮನೆ ನಿಂತಿತು.

ವೈನಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

“ಅಗ ಬಾಯಿ. ಖರೆ ಹೇಳ್ತೇನಿ ತಂಗೆವ್ವ, ಹೊಟ್ಟ್ಯಾಗ ಬೆಂಕಿ ಹತ್ಯಾದ ನನಗ.”

ಇದಕ್ಕಿಂತ ಸಿಹಿಯಾದ ಮಾತನ್ನು ಆ ಎರಡು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅವಳು ಹೋಗಿ ಚಪ್ಪಡಿ ಕಲ್ಲಿನ ಮೇಲೆ ಕೂತಳು. ನಾನು ಒಂದೊಂದೇ ಎತ್ತಿ, ಹಣೆ ಮುಟ್ಟಿ, ಬಿಡುತ್ತ ಹೋದೆ. ಅವಳು ಬಿಡುತ್ತಿದ್ದ ಹೊತ್ತಿನ ದುಪ್ಪಟ್ಟು ಹೊತ್ತು ಹಿಡಿಯಿತು. ಕುರಿಗಳು ಒದರಿ ಒದರಿ ಗದ್ದಲ ಹಾಕಿದವು. ಒಂದು ಮರಿಯ ಮೇಲೆ ತಡೆದು ನಿಂತೆ, ಅಪ್ಪ ಹೇಳಿಕೊಟ್ಟ. ಇನ್ನೊಂದನ್ನು ತಪ್ಪು ಕುರಿಗೆ ಬಿಟ್ಟು, ಅದು ಒದ್ದ ಮೇಲೆ ತಿರುಗಿ ಎತ್ತಿಕೊಂಡೆ. ಎಲ್ಲ ಮುಗಿದಾಗ ನೋಡಿದರೆ ವೈನಿ ಬೆರಳು ಮಡಚುತ್ತಿದ್ದಳು.

“ಎರಡ ಸೊನ್ನಿ,” ಎಂದಳು. “ಬರಕೋ.”

ನನ್ನ ಗೀಟು-ಸೊನ್ನೆಯ ಲೆಕ್ಕ ಅವಳಿಗೆ ಎಂದಿನಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ.

ಊಟವಾದ ಮೇಲೆ ಎಂದಿನಂತೆ ದೊಡ್ಡ ಗುಳಿಗೆ ತೆಗೆದುಕೊಂಡೆ. ಅದು ನನ್ನನ್ನು ಬೆಳಿಗ್ಗೆ ಸ್ವಲ್ಪ ತಡವಾಗಿ ಎಬ್ಬಿಸುತ್ತದೆ. ಗುಳಿಗೆಯ ತೊಂದರೆಗಳಲ್ಲಿ ಅದೊಂದು ಬಾಕಿ ಇದ್ದೇ ಇದೆ. ಮರುದಿನ ಎದ್ದು ಮುಖ ತೊಳೆದು ಹಿಂದಿನ ಬಾಗಿಲು ತೆರೆದಾಗ ವೈನಿ ಆಗಲೇ ತಟ್ಟಿಯ ಒಳಗಿದ್ದಳು. ಮಗು ಕಂಕುಳಲ್ಲಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಒಂದು ಮರಿಯ ಹಣೆ ಸವರುತ್ತ, ಕಣ್ಣು ಮುಚ್ಚಿ, ತಾಯಿಯ ಹೆಸರು ಹೇಳಿಕೊಳ್ಳುತ್ತಿದ್ದಳು.

ನನಗೆ ಹೊಟ್ಟೆಯಲ್ಲಿ ಮತ್ತೆ ಉರಿಯಿತು. ಚಪ್ಪಲಿ ಹುಡುಕಲೂ ನಿಲ್ಲದೆ ದೊಡ್ಡಿಗೆ ಇಳಿದೆ.